ಎರಡನೇ ಗೆರೆ ಯಾವ ಬಸಿರಿನದು?

ಪ್ರಶ್ನೆ: ನನಗೆ 29 ವರ್ಷ. ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಮೊದಲ ಬಸಿರು ಒಂಬತ್ತನೇ ವಾರದಲ್ಲಿ ಹೋಯಿತು. ಸ್ಕ್ಯಾನಿಂಗ್‌ನಲ್ಲಿ ಹಾರ್ಟ್‌ಬೀಟ್ ಇಲ್ಲ ಅಂದರು, ಮಾತ್ರೆ ಕೊಟ್ಟರು. ಹತ್ತು ದಿನಕ್ಕೆ ಬ್ಲೀಡಿಂಗ್ ನಿಂತಿತು. ಈಗ ನಾಲ್ಕನೇ ವಾರ ನಡೆದಿದೆ. ನಡುವೆ, ಎರಡು ವಾರ ಆದಮೇಲೆ, ಒಂದು ಸಲ ನಾವು ಸೇರಿದ್ದೆವು. ಮೊನ್ನೆ ಸುಮ್ಮನೆ ಕಿಟ್‌ನಲ್ಲಿ ನೋಡಿದರೆ ಎರಡನೇ ಗೆರೆ ತಿಳಿಯಾಗಿ ಬಂತು. ಅಂದಿನಿಂದ ದಿನಾ ಬೆಳಗಿನ ಜಾವ ಐದಕ್ಕೆ ಎದ್ದು ನೋಡುತ್ತೇನೆ. ಒಂದು ದಿನ ಗಾಢ, ಒಂದು ದಿನ ತಿಳಿ. ಎಲ್ಲಕ್ಕೂ ತಾರೀಕು ಬರೆದು ಹಳೇ ಡೈರಿಯೊಳಗೆ ಅಂಟಿಸಿಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ಓವ್ಯುಲೇಷನ್ ಸ್ಟ್ರಿಪ್ ತರಿಸಿದೆ, ಅದರಲ್ಲೂ ನಾಲ್ಕು ದಿನದಿಂದ ಎರಡೂ ಗೆರೆ ಸಮ ಬರುತ್ತಿವೆ. ‘ಮತ್ತೆ ನಿಂತಿರಬೇಕು’ ಎಂದು ನಮ್ಮ ಮನೆಯವರು ಆಸೆ ಇಟ್ಟುಕೊಂಡಿದ್ದಾರೆ. ಅತ್ತೆಯವರು ಮೂರು ತಿಂಗಳು ಏನೂ ಬೇಡ ಅನ್ನುತ್ತಾರೆ. ನಾನು ಸ್ಕೂಟಿ ಓಡಿಸಿದ್ದಕ್ಕೇ ಹೀಗಾಯಿತು ಎಂಬ ಮಾತೂ ಮನೆಯಲ್ಲಿ ಬಂದಿದೆ. ಇದು ಹಳೆಯದೋ ಹೊಸದೋ? ಯಾವ ಗೆರೆಯನ್ನು ನಂಬಲಿ? ಆಫೀಸಿಗೆ ಇನ್ನೂ ಹೋಗಿಲ್ಲ, ರಜೆ ಮುಗಿಯುತ್ತಿದೆ, ಏನು ಹೇಳಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಅದು ಹಳೆಯ ಬಸಿರಿನ ಗೆರೆಯೇ ಆಗಿರುವ ಸಾಧ್ಯತೆ ಹೆಚ್ಚು. ಹೊಸದು ಆಗಿರಲಾರದು ಎಂದು ಮಾತ್ರ ಇಲ್ಲಿ ಕೂತು ಯಾರೂ ಖಚಿತವಾಗಿ ಹೇಳಲಾರರು. ನೀವು ಇನ್ನೂ ಹತ್ತು ಕಿಟ್ ತಂದರೂ ಆ ಹತ್ತೂ ಸೇರಿ ಇದನ್ನು ಬಗೆಹರಿಸುವುದಿಲ್ಲ. ಬಗೆಹರಿಸುವುದು ಎರಡು ದಿನದ ಅಂತರದಲ್ಲಿ ಮಾಡಿಸುವ ಎರಡು ರಕ್ತಪರೀಕ್ಷೆ. ಅದನ್ನು ಈ ವಾರವೇ ಮಾಡಿಸಿ. ನಾನು ಆಪ್ತಸಮಾಲೋಚಕಿ, ಸ್ತ್ರೀರೋಗ ತಜ್ಞೆಯಲ್ಲ. ನಿಮ್ಮ ಸ್ಕ್ಯಾನ್ ನೋಡಿದವರ ಮಾತೇ ಕೊನೆಯ ಮಾತು. ಅವರ ಮುಂದೆ ಕೂತಾಗ ಏನು ಕೇಳಬೇಕು, ಅವರು ಹೇಳಿದ್ದರ ಅರ್ಥ ಏನು ಎಂಬುದನ್ನು ತಿಳಿಸುವುದಷ್ಟೇ ನನ್ನ ಕೆಲಸ.

ಮೆಡಿಕಲ್ ಅಂಗಡಿಯ ಕಿಟ್ ಆಗಲಿ, ಆಶಾ ಕಾರ್ಯಕರ್ತೆಯರು ಕೊಡುವ ಸರ್ಕಾರದ ‘ನಿಶ್ಚಯ್’ ಕಿಟ್ ಆಗಲಿ, ಹುಡುಕುವುದು ಒಂದೇ ವಸ್ತುವನ್ನು: ಎಚ್‌ಸಿಜಿ ಎಂಬ ಹಾರ್ಮೋನು. ಮಾಸು ಆಗಿ ಬೆಳೆಯುವ ಕೋಶಗಳು ಇದನ್ನು ತಯಾರಿಸುತ್ತವೆ. ಮೂತ್ರದಲ್ಲಿ ಅದು ಇದೆಯೇ ಇಲ್ಲವೇ ಎಂದಷ್ಟೇ ಕಿಟ್ ಹೇಳಬಲ್ಲದು. ಯಾವಾಗ ತಯಾರಾದದ್ದು, ಏರುತ್ತಿದೆಯೋ ಇಳಿಯುತ್ತಿದೆಯೋ ಅದಕ್ಕೆ ಗೊತ್ತಿಲ್ಲ. ಒಲೆ ಆರಿಸಿದ ಮೇಲೂ ಕಾವಲಿ ಎಷ್ಟೋ ಹೊತ್ತು ಬಿಸಿಯಿರುತ್ತದಲ್ಲ, ಬಸಿರು ಹೋದ ಮೇಲೆ ಎಚ್‌ಸಿಜಿ ಇರುವುದೂ ಹಾಗೆಯೇ.

ಎಷ್ಟು ದಿನ ಇರುತ್ತದೆ? ಲೆಕ್ಕ ಹಾಕುವ ಕೆಲಸ ನಿಮ್ಮದೇ ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಒಂಬತ್ತನೇ ವಾರದ ಸುಮಾರಿಗೆ ರಕ್ತದಲ್ಲಿ ಎಚ್‌ಸಿಜಿ ಹತ್ತಾರು ಸಾವಿರದಿಂದ ಲಕ್ಷದಾಚೆಗೂ ಇರಬಹುದು. ನಿಮ್ಮದು 80 ಸಾವಿರ ಇತ್ತು ಎಂದಿಟ್ಟುಕೊಳ್ಳಿ. ಸಾಮಾನ್ಯ ಕಿಟ್ ಒಂದು ಮಿಲಿಲೀಟರಿಗೆ 25 ಮಿಲಿ ಯೂನಿಟ್ ಇದ್ದರೂ ಗೆರೆ ತೋರಿಸುತ್ತದೆ. 80 ಸಾವಿರ ಅರ್ಧವಾಗಿ, ಅದರರ್ಧವಾಗಿ 25ಕ್ಕಿಂತ ಕೆಳಗೆ ಬರಲು ಹನ್ನೆರಡು ಸಲ ಅರ್ಧವಾಗಬೇಕು. ಒಂದೊಂದು ಸಲಕ್ಕೆ ಒಂದೂವರೆ ದಿನ ಹಿಡಿದರೆ 18 ದಿನ, ಎರಡೂವರೆ ದಿನ ಹಿಡಿದರೆ ಪೂರ್ತಿ ಒಂದು ತಿಂಗಳು. ದೇಹ ಈ ಲೆಕ್ಕವನ್ನು ಅಷ್ಟು ಅಚ್ಚುಕಟ್ಟಾಗಿ ನಡೆಸುವುದೂ ಇಲ್ಲ. ಮೊದಲು ಸರಸರನೆ ಇಳಿಯುತ್ತದೆ, ಕೊನೆಯ ನೂರು-ಇನ್ನೂರು ನಿಧಾನಕ್ಕೆ ಕರಗುತ್ತದೆ. ಐದನೇ ವಾರದಲ್ಲೇ ಬಸಿರು ಹೋದವರಿಗೆ ವಾರದೊಳಗೆ ಕಿಟ್ ಖಾಲಿ ತೋರಿಸಿದರೆ, ನಿಮ್ಮಂತೆ ಒಂಬತ್ತು-ಹತ್ತು ವಾರ ದಾಟಿದವರಿಗೆ ನಾಲ್ಕರಿಂದ ಆರು ವಾರ ಹಿಡಿಯುವುದುಂಟು. ಪಕ್ಕದ ಮನೆಯವರಿಗೆ ಎಂಟೇ ದಿನಕ್ಕೆ ಗೆರೆ ಹೋಯಿತಂತೆ ಎಂಬ ಸುದ್ದಿಯಿಂದ ನಿಮಗೆ ಉಪಯೋಗವಿಲ್ಲ.

ಇನ್ನು ಒಂದು ದಿನ ಗಾಢ, ಒಂದು ದಿನ ತಿಳಿ ಎಂಬ ವಿಚಾರ. ಆ ಡೈರಿಯನ್ನು ಒಮ್ಮೆ ತೆರೆದು ‘ಸಿ’ ಎಂಬ ಮೇಲಿನ ಗೆರೆಗಳನ್ನಷ್ಟೇ ಸಾಲಾಗಿ ನೋಡಿ. ಅವೂ ಒಂದರ ಹಾಗೆ ಒಂದಿರುವುದಿಲ್ಲ. ನಿಮ್ಮ ಬಸಿರಿಗೂ ಆ ಗೆರೆಗೂ ಸಂಬಂಧವೇ ಇಲ್ಲ, ಕಿಟ್ ಕೆಲಸ ಮಾಡಿದೆ ಎಂಬ ಗುರುತು ಅದು, ಅಷ್ಟೆ. ಅದೇ ಏರುಪೇರಾಗುವುದಾದರೆ ‘ಟಿ’ ಗೆರೆ ಆಗದಿರುತ್ತದೆಯೇ? ಪಟ್ಟಿಗೆ ಬಳಿದ ಬಣ್ಣ, ಡ್ರಾಪರ್‌ನಿಂದ ಬಿದ್ದ ಹನಿ, ರಾತ್ರಿ ಕುಡಿದ ನೀರು, ಇಷ್ಟರಿಂದಲೇ ಗೆರೆ ಬದಲಾಗುತ್ತದೆ. ಹಿಂದಿನ ರಾತ್ರಿ ಸೆಕೆಯೆಂದು ಎರಡು ಲೋಟ ನೀರು ಹೆಚ್ಚು ಕುಡಿದು ಮಲಗಿದ್ದರೂ ಬೆಳಗಿನ ಗೆರೆ ತಿಳಿಯಾಗುತ್ತದೆ. ಅದನ್ನು ನೋಡಿ ನೀವು ‘ಇಳಿಯಿತು’ ಅಂದುಕೊಳ್ಳುತ್ತೀರಿ, ಮಾರನೆಯ ದಿನ ‘ಏರಿತು’ ಅನ್ನುತ್ತೀರಿ. ಐದು ನಿಮಿಷಕ್ಕೆ ನೋಡಬೇಕಾದದ್ದನ್ನು ಅರ್ಧ ಗಂಟೆ ಬಿಟ್ಟು ನೋಡಿದರಂತೂ ಮೂತ್ರ ಒಣಗಿದ ಜಾಗದಲ್ಲಿ ಬಣ್ಣವಿಲ್ಲದ, ಬೂದಿ ಬೂದಿಯಾದ ಎಳೆಯೊಂದು ಕಾಣಿಸಿಕೊಳ್ಳುತ್ತದೆ. ಅದು ಗೆರೆಯೇ ಅಲ್ಲ. ಬಲ್ಬಿನ ಕೆಳಗೆ ಹಿಡಿದು, ಫೋನಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿದರೆ ಮಾತ್ರ ಕಾಣುವ ಗೆರೆಯನ್ನು ಯಾವ ಲೆಕ್ಕಕ್ಕೂ ತೆಗೆದುಕೊಳ್ಳಬೇಡಿ. ಡೈರಿಗೆ ಅಂಟಿಸಿದ ಪಟ್ಟಿಗಳೆಲ್ಲ ಒಣಗಿದ ಪಟ್ಟಿಗಳೇ ಎಂಬುದೂ ನೆನಪಿರಲಿ.

ಈಗ ರಕ್ತಪರೀಕ್ಷೆ. ‘ಬೀಟಾ ಎಚ್‌ಸಿಜಿ’ ಎಂದು ಕೇಳಿ. ಎರಡನ್ನೂ ಒಂದೇ ಲ್ಯಾಬಿನಲ್ಲಿ, 48 ಗಂಟೆ ಬಿಟ್ಟು ಮಾಡಿಸಿ. ಬೇರೆ ಬೇರೆ ಲ್ಯಾಬಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಗೊಂದಲ ಹೆಚ್ಚುತ್ತದೆ. ಎರಡನೆಯ ಅಂಕಿ ಚೆನ್ನಾಗಿ ಇಳಿದಿದ್ದರೆ ಅದು ಹಳೆಯದರ ಶೇಷ. 5ಕ್ಕಿಂತ ಕೆಳಗೆ ಬಂದಿತೆಂದರೆ ಆ ಬಸಿರಿನ ಲೆಕ್ಕ ಮುಗಿಯಿತು. ಸ್ಪಷ್ಟವಾಗಿ ಏರಿದ್ದರೆ, ಅಂದರೆ ಎರಡು ದಿನದಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಕೂಡಿಕೊಂಡಿದ್ದರೆ, ಹೊಸ ಬಸಿರಿನ ಸಾಧ್ಯತೆ ಇದೆ. ಮುಂದೆ ಸ್ಕ್ಯಾನ್ ನೋಡಿಯೇ ಮಾತು. ಎಚ್ಚರ ಬೇಕಾದದ್ದು ಮೂರನೆಯದಕ್ಕೆ: ಇಳಿಯಲೂ ಇಲ್ಲ, ಸರಿಯಾಗಿ ಏರಲೂ ಇಲ್ಲ, ಇದ್ದಲ್ಲೇ ಇದೆ. ಗರ್ಭಕೋಶದೊಳಗೆ ಸ್ವಲ್ಪ ಚೂರು ಉಳಿದಿರಬಹುದು. ನಳಿಕೆಯಲ್ಲಿ ಬಸಿರು ಕೂತಿರಬಹುದು. ಅಪರೂಪಕ್ಕೆ ಮೋಲಾರ್ ಪ್ರೆಗ್ನೆನ್ಸಿ, ಅಂದರೆ ಮಾಸಿನ ಅಂಗಾಂಶವೇ ಅಡ್ಡಾದಿಡ್ಡಿ ಬೆಳೆದಿರುವುದೂ ಇರಬಹುದು. ಅದು ಇದ್ದರೆ ಎಚ್‌ಸಿಜಿ ಪೂರ್ತಿ ಇಳಿದು ವೈದ್ಯರು ಹೂಂ ಅನ್ನುವವರೆಗೆ ಮತ್ತೆ ಬಸಿರಾಗಲೇಬಾರದು. ನಿಮ್ಮ ಮೊದಲ ಸ್ಕ್ಯಾನ್ ವರದಿ ಕೈಯಲ್ಲಿ ಹಿಡಿದು ‘ಇದರಲ್ಲಿ ಅಂಥದ್ದೇನಾದರೂ ಅನುಮಾನ ಇತ್ತೇ?’ ಎಂದು ಬಾಯಿಬಿಟ್ಟು ಕೇಳಿ. ಕ್ಲೀನ್ ಮಾಡಿಸಿಕೊಂಡವರ ಅಂಗಾಂಶ ಸಾಮಾನ್ಯವಾಗಿ ಪರೀಕ್ಷೆಗೆ ಹೋಗಿರುತ್ತದೆ. ಮಾತ್ರೆಯಲ್ಲಿ ಮುಗಿದವರದು ಬಹಳ ಸಲ ಹೋಗಿರುವುದಿಲ್ಲ, ಅದಕ್ಕೇ ಈ ಮಾತು.

ಮಾತ್ರೆ ತೆಗೆದುಕೊಂಡ ಮೂರು ವಾರಕ್ಕೆ ಒಮ್ಮೆ ಕಿಟ್‌ನಲ್ಲಿ ನೋಡಿ, ಗೆರೆ ಬಂದರೆ ಮತ್ತೆ ತೋರಿಸಿಕೊಳ್ಳಿ ಎಂಬುದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಲ್ಲಿರುವ ಕ್ರಮ. ನಿಮಗೆ ಆ ಮೂರು ವಾರ ದಾಟಿದೆ. ಗಾಬರಿಯಾಗಿ ರಾತ್ರೋರಾತ್ರಿ ಓಡುವ ವಿಷಯವಲ್ಲ, ಮುಂದಿನ ತಿಂಗಳಿಗೆ ತಳ್ಳುವ ವಿಷಯವೂ ಅಲ್ಲ. ರಾತ್ರೋರಾತ್ರಿ ಓಡಬೇಕಾದದ್ದು ಯಾವಾಗ ಎಂದರೆ, ಒಂದು ಬದಿಗೆ ಕಿತ್ತುಬರುವ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಬೀಳುವುದು, ಜ್ವರ, ಕೆಟ್ಟ ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ. ಇವುಗಳಲ್ಲಿ ಒಂದೇ ಒಂದು ಕಂಡರೂ ಹೊರಟುಬಿಡಿ. ವೈದ್ಯರಿಗೆ ನೀವಿಬ್ಬರೂ ಸೇರಿದ ದಿನವನ್ನೂ ಹೇಳಿ. ಅತ್ತೆಯವರು ಪಕ್ಕದಲ್ಲಿ ಕೂತಿದ್ದಾರೆಂದು ಸಂಕೋಚಪಟ್ಟು ಅದೊಂದನ್ನು ನುಂಗಿಕೊಂಡರೆ ವೈದ್ಯರ ಅಂದಾಜೇ ತಪ್ಪುತ್ತದೆ.

ಓವ್ಯುಲೇಷನ್ ಸ್ಟ್ರಿಪ್‌ಗೆ ಬರೋಣ. ನಿಮ್ಮನ್ನು ಹೆಚ್ಚು ದಾರಿತಪ್ಪಿಸಿರುವುದು ಅದೇ. ಅದು ಹುಡುಕುವುದು ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು. ಅಂಡ ಹೊರಬರುವ ಮುನ್ನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇದನ್ನು ಒಮ್ಮೆಲೇ ಸುರಿಸುತ್ತದೆ. ತೊಂದರೆಯೇನೆಂದರೆ ಎಲ್‌ಎಚ್ ಮತ್ತು ಎಚ್‌ಸಿಜಿ ಎರಡಕ್ಕೂ ಎರಡೆರಡು ತುಂಡು, ಆಲ್ಫಾ ಮತ್ತು ಬೀಟಾ. ಆಲ್ಫಾ ಎರಡರಲ್ಲೂ ಒಂದೇ. ಬೀಟಾದಲ್ಲೂ ಬಹುಪಾಲು ಹೋಲಿಕೆಯಿದೆ. ಹಿಂದಿನ ಕಾಲದ ಲ್ಯಾಬುಗಳಿಗೇ ಇವನ್ನು ಬೇರೆ ಮಾಡಿ ಅಳೆಯುವುದು ಕಷ್ಟವಾಗಿತ್ತು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೂಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೈನ್ ಮತ್ತವರ ಸಂಗಡಿಗರು ಬೀಟಾ ತುಂಡನ್ನೇ ಹಿಡಿಯುವ ಪರೀಕ್ಷೆ ರೂಪಿಸಿದ ಮೇಲೆ ಎಲ್‌ಎಚ್ ಇದ್ದರೂ ಎಚ್‌ಸಿಜಿಯನ್ನು ಪ್ರತ್ಯೇಕವಾಗಿ ಅಳೆಯುವಂತಾಯಿತು. ಲ್ಯಾಬಿನ ಚೀಟಿಯಲ್ಲಿ ಇವತ್ತಿಗೂ ‘ಬೀಟಾ’ ಎಂದು ಬರೆಯುವುದು ಅದಕ್ಕೇ. ನೀವು ತರಿಸಿದಂಥ ಅಗ್ಗದ ಸ್ಟ್ರಿಪ್‌ಗಳಲ್ಲಿ ಹಲವು ಎಚ್‌ಸಿಜಿಯನ್ನೂ ಎಲ್‌ಎಚ್ ಎಂದೇ ಓದಿಬಿಡುತ್ತವೆ. ಹಾಗಾಗಿ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎಳೆಯಷ್ಟು ಗೆರೆ ಇರುವವರೆಗೂ ಓವ್ಯುಲೇಷನ್ ಸ್ಟ್ರಿಪ್ ಏನು ತೋರಿಸಿದರೂ ಬೆಲೆಯಿಲ್ಲ. ನಿಜವಾದ ಎಲ್‌ಎಚ್ ಏರಿಕೆ ಸಾಮಾನ್ಯವಾಗಿ ಒಂದೆರಡು ದಿನದ್ದು. ನಾಲ್ಕು ದಿನ ಬಿಡದೆ ಸಮ ಬರುತ್ತಿದೆ ಎಂಬ ನಿಮ್ಮ ಮಾತೇ ಅನುಮಾನ ಹುಟ್ಟಿಸುತ್ತದೆ. ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇದ್ದವರಿಗೆ ಎಲ್‌ಎಚ್ ಮೊದಲೇ ಮೇಲಿರುವುದರಿಂದ ಬಸಿರಿನ ಗೊಡವೆಯಿಲ್ಲದೆಯೂ ಹೀಗಾಗುತ್ತದೆ. ನಿಮಗೆ ಹಿಂದೆ ಯಾರಾದರೂ ಪಿಸಿಒಡಿ ಎಂದಿದ್ದರೆ ಅದನ್ನೂ ಹೇಳಿ.

ಹಾಗಾದರೆ ಸ್ಟ್ರಿಪ್ ಯಾವಾಗ ಹಿಡಿಯಬೇಕು? ಮೊದಲು ಪ್ರೆಗ್ನೆನ್ಸಿ ಕಿಟ್ ಸಂಪೂರ್ಣ ಖಾಲಿ ಬರಲಿ. ಆಮೇಲೆ ಒಂದು ಸಲ ಮುಟ್ಟಾಗಲಿ. ಮಾಮೂಲಾಗಿ ನಾಲ್ಕರಿಂದ ಆರು ವಾರಕ್ಕೆ ಆಗುತ್ತದೆ. ಆ ಹೊತ್ತಿಗೂ ಆಗದಿದ್ದರೆ ತೋರಿಸಿ. ಇಲ್ಲಿ ಜನ ಮರೆಯುವ ಮಾತೊಂದಿದೆ. ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆಯಾಗಿರುತ್ತದೆ, ಕೆಲವರಿಗೆ ಬಸಿರು ಹೋದ ಎರಡೇ ವಾರಕ್ಕೆ. ‘ಇನ್ನೂ ಡೇಟ್ ಆಗಿಲ್ಲ, ಏನೂ ಆಗಲ್ಲ’ ಎಂಬ ಧೈರ್ಯಕ್ಕೆ ಆಧಾರವಿಲ್ಲ. ನಿಮ್ಮ ವಿಷಯದಲ್ಲಿ ಹೊಸದಾಗಿ ನಿಂತಿರುವ ಸಾಧ್ಯತೆಯನ್ನು ನಾನು ಪೂರ್ತಿ ತಳ್ಳಿಹಾಕದಿರುವುದೂ ಇದರಿಂದಲೇ.

ಸ್ಟ್ರಿಪ್ ಓದುವ ನಿಯಮವೂ ಬೇರೆ. ಪ್ರೆಗ್ನೆನ್ಸಿ ಕಿಟ್‌ನಲ್ಲಿ ಹೇಳಿದ ಸಮಯದೊಳಗೆ ಬಣ್ಣವಿರುವ ಎರಡನೇ ಗೆರೆ ಎಷ್ಟು ತಿಳಿಯಾಗಿ ಬಂದರೂ ಪಾಸಿಟಿವ್. ಓವ್ಯುಲೇಷನ್ ಸ್ಟ್ರಿಪ್‌ನಲ್ಲಿ ತಿಳಿ ಗೆರೆ ಎಂದರೆ ನೆಗೆಟಿವ್. ‘ಟಿ’ ಗೆರೆ ‘ಸಿ’ಯಷ್ಟೇ ಅಥವಾ ಅದಕ್ಕಿಂತ ಗಾಢವಾಗಬೇಕು. ಬೆಳಗಿನ ಮೊದಲ ಮೂತ್ರ ಪ್ರೆಗ್ನೆನ್ಸಿ ಕಿಟ್‌ಗೆ ಒಳ್ಳೆಯದು. ಎಲ್‌ಎಚ್ ಏರಿಕೆ ಬಹಳ ಸಲ ನಸುಕಿನಲ್ಲಿ ಶುರುವಾಗಿ ಮೂತ್ರಕ್ಕೆ ಇಳಿಯಲು ಕೆಲವು ಗಂಟೆ ಹಿಡಿಯುವುದರಿಂದ ಸ್ಟ್ರಿಪ್‌ಗೆ ಮಧ್ಯಾಹ್ನ ವಾಸಿ. ಅದಕ್ಕೆ ಮುಂಚೆ ಎರಡು ತಾಸು ನೀರು, ಮಜ್ಜಿಗೆ ಕಮ್ಮಿ ಮಾಡಿ. ಆ ಗಾಢ ಗೆರೆ ಬಂದ ಮೇಲೆ ಸುಮಾರು 24ರಿಂದ 36 ತಾಸಿನೊಳಗೆ ಅಂಡ ಹೊರಬರುತ್ತದೆ. ಬಂದೇ ತೀರುತ್ತದೆ ಎಂಬ ಖಾತ್ರಿಯಿಲ್ಲ. ಗ್ರಂಥಿ ಅಪ್ಪಣೆ ಕೊಟ್ಟಿದೆ ಎಂದಷ್ಟೇ ಸ್ಟ್ರಿಪ್ ಹೇಳುವುದು. ಗರ್ಭಪಾತದ ನಂತರದ ಮೊದಲ ತಿಂಗಳಲ್ಲಿ ಅಪ್ಪಣೆ ಕೊಟ್ಟೂ ಕೆಲಸವಾಗದೆ, ದೇಹ ಮತ್ತೆ ಪ್ರಯತ್ನಿಸುವುದುಂಟು. ಇದೆಲ್ಲ ತಲೆನೋವು ಅನ್ನಿಸಿದರೆ ಸ್ಟ್ರಿಪ್ ಬಿಟ್ಟುಬಿಡಿ. ಬಿಳಿ ಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ಜಾರುವ, ಎಳೆದರೆ ಎಳೆಯಾಗುವ ದಿನಗಳೇ ಫಲದ ದಿನಗಳು. ಎರಡು-ಮೂರು ದಿನಕ್ಕೊಮ್ಮೆ ಸೇರುವ ದಂಪತಿಗೆ ಸ್ಟ್ರಿಪ್‌ನಿಂದ ಹೆಚ್ಚೇನೂ ಲಾಭವಿಲ್ಲ. ಇದು ನನ್ನ ಖಾಸಾ ಅಭಿಪ್ರಾಯವೂ ಹೌದು: ಬಸಿರು ಕಳೆದುಕೊಂಡ ಹೊಸತರಲ್ಲಿ ಗಂಡ-ಹೆಂಡಿರ ಹಾಸಿಗೆಗೆ ಒಂದು ಟೈಮ್‌ಟೇಬಲ್ ತಂದಿಡುವುದು ನನಗೆ ಹಿಡಿಸದು.

ಅತ್ತೆಯವರ ಮೂರು ತಿಂಗಳ ಮಾತನ್ನು ಹಳೇ ಕಾಲದ್ದೆಂದು ತಳ್ಳಬೇಡಿ. ವೈದ್ಯರೂ ಬಹಳ ಕಾಲ ಅದನ್ನೇ ಹೇಳುತ್ತಿದ್ದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಕನಿಷ್ಠ ಆರು ತಿಂಗಳು ಎಂದಿತ್ತು. 2010ರಲ್ಲಿ ಸ್ಕಾಟ್ಲೆಂಡಿನ 30 ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದ ಅಧ್ಯಯನವೊಂದರಲ್ಲಿ, ಆರು ತಿಂಗಳೊಳಗೆ ಮತ್ತೆ ಬಸಿರಾದವರಿಗೆ ಕೇಡೇನೂ ಕಾಣಲಿಲ್ಲ. ಅವರ ಫಲಿತಾಂಶ ಒಂದಿಷ್ಟು ಚೆನ್ನಾಗಿಯೇ ಇತ್ತು. ಹಾಗಾಗಿ ಈಗ ಹಲವು ವೈದ್ಯರು, ಎಚ್‌ಸಿಜಿ ಇಳಿದು, ಒಂದು ಮುಟ್ಟು ಕಳೆದು, ರಕ್ತ ಸರಿಯಿದ್ದರೆ ಸಾಕು ಅನ್ನುತ್ತಾರೆ. ಆ ಒಂದು ಮುಟ್ಟಿಗೆ ಕಾಯುವುದೂ ಹೆಚ್ಚಾಗಿ ಮುಂದಿನ ದಿನ ಎಣಿಸಲು ಅನುಕೂಲವಾಗಲೆಂದು. ಅಲ್ಲಿಯವರೆಗೆ ಹಿಮೋಗ್ಲೋಬಿನ್ ನೋಡಿಸಿ, ಫೋಲಿಕ್ ಆಸಿಡ್ ಮಾತ್ರೆ ಕೇಳಿ ಪಡೆಯಿರಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ‘ಆ್ಯಂಟಿ-ಡಿ ಇಂಜೆಕ್ಷನ್ ನನಗೆ ಬೇಕಿತ್ತೇ?’ ಎಂದು ಕೇಳಲು ಮರೆಯಬೇಡಿ. ಅತ್ತೆಯವರು ಮೆಣಸಿನ ಕಷಾಯ ಮಾಡಿಕೊಟ್ಟರೆ ಅದು ಗೆರೆಯನ್ನು ಅಳಿಸುವುದಿಲ್ಲ, ಕೆಡಿಸುವುದೂ ಇಲ್ಲ. ಕುಡಿಯಬೇಕೆನಿಸಿದರೆ ಕುಡಿಯಿರಿ.

ಸ್ಕೂಟಿಯ ವಿಷಯ ಒಂದೇ ಮಾತಿನಲ್ಲಿ: ಅದರಿಂದ ಹೋಗಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಲೆಕ್ಕ ಮೊದಲ ದಿನದಿಂದಲೇ ತಪ್ಪಿರುವುದು. ಸ್ಕೂಟಿಯಾಗಲಿ, ಪಪ್ಪಾಯಿಯಾಗಲಿ, ಮೆಟ್ಟಿಲಾಗಲಿ ಅದನ್ನು ಮಾಡಲಾರವು. ಈ ಮಾತನ್ನು ನೀವೇ ಮನೆಯಲ್ಲಿ ಹೇಳಿದರೆ ಸಮರ್ಥನೆಯಂತೆ ಕೇಳಿಸುತ್ತದೆ. ಮನೆಯವರನ್ನು ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸಿ.

ಮುಂದೆ ನಿಜವಾಗಿ ಮುಟ್ಟು ತಪ್ಪಿದ ದಿನಕ್ಕಾಗಿ ಎರಡು ಮಾತು ಈಗಲೇ ಹೇಳಿಡುತ್ತೇನೆ, ಆಗ ನಿಮಗೆ ಓದುವ ತಾಳ್ಮೆ ಇರಲಾರದು. ದಿನ ತಪ್ಪುವ ಮೊದಲೇ ಕಿಟ್ ಹಿಡಿಯಬೇಡಿ. ತಪ್ಪಿದ ಮೇಲೆ ಒಮ್ಮೆ ನೋಡಿ, ಗೆರೆ ಬಂದರೆ ವೈದ್ಯರಿಗೆ ತಿಳಿಸಿ, ಕಿಟ್ ಅಲ್ಲಿಗೆ ಮುಗಿಯಲಿ. ಬಸಿರು ಚೆನ್ನಾಗಿ ಬೆಳೆಯುತ್ತಾ ಎಚ್‌ಸಿಜಿ ತೀರಾ ಮೇಲೇರಿದಾಗ ಕಿಟ್‌ನ ರಾಸಾಯನಿಕಕ್ಕೆ ಅಷ್ಟನ್ನು ಹಿಡಿಯಲಾಗದೆ ‘ಟಿ’ ಗೆರೆ ಮತ್ತೆ ತಿಳಿಯಾಗುವುದುಂಟು. ಏಳೆಂಟನೇ ವಾರದಲ್ಲಿ ಸುಮ್ಮನೆ ಕುತೂಹಲಕ್ಕೆ ನೋಡಿ, ಗೆರೆ ಮಾಸಿದೆಯೆಂದು ಅತ್ತವರಿದ್ದಾರೆ. ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟರೆ ಅದು ಮುಟ್ಟನ್ನು ಮುಂದಕ್ಕೆ ಹಾಕಬಹುದು, ಗೆರೆಯನ್ನು ತರಿಸುವುದಿಲ್ಲ. ಅಂಡ ಬಿಡಿಸಲೆಂದು ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರೆ ಮಾತ್ರ ಹತ್ತು-ಹದಿನಾಲ್ಕು ದಿನ ಗೆರೆ ಸುಳ್ಳಾಡಬಹುದು.

ಐದು ಗಂಟೆಗೆ ಏಳುವ ಅಭ್ಯಾಸದ ಬಗ್ಗೆ ನೀವು ಏನೂ ಕೇಳಲಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಅದೇ. ದಿನಾ ನೋಡುವುದರಿಂದ ಗೊತ್ತಾಗುವುದು ಏನೂ ಇಲ್ಲ, ನಿದ್ದೆ ಮಾತ್ರ ಹೋಗುತ್ತದೆ. ಇಂದಿನಿಂದ ರಕ್ತಪರೀಕ್ಷೆಯ ಎರಡನೇ ವರದಿ ಬರುವವರೆಗೆ ಉಳಿದ ಕಿಟ್, ಸ್ಟ್ರಿಪ್ ಎಲ್ಲವನ್ನೂ ನಿಮ್ಮ ಮನೆಯವರ ಕೈಗೆ ಕೊಡಿ, ಅವರ ಆಫೀಸ್ ಬ್ಯಾಗಿನಲ್ಲಿರಲಿ. ಕೊಡುವಾಗಲೇ, ‘ಇದು ಹಳೆಯದೇ ಇರಬಹುದು, ಇನ್ನೂ ಗೊತ್ತಿಲ್ಲ’ ಎಂದು ಹೇಳಿಬಿಡಿ. ಅವರ ಆಸೆಯನ್ನು ಕಾಯುವ ಭಾರವೂ ನಿಮ್ಮ ತಲೆಮೇಲೆ ಬೇಡ. ಅವರೂ ಕಳೆದುಕೊಂಡವರೇ, ಆ ಮಾತನ್ನು ಅವರೊಡನೆ ಯಾರೂ ಆಡಿರಲಿಕ್ಕಿಲ್ಲ. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಏನೂ ಬೇಡವೆನಿಸುವ ದಿನಗಳು ಎರಡು ವಾರ ದಾಟಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ಎರಡು ವಾರ ಕಾಯದೆ ಅದೇ ಗಳಿಗೆಯಲ್ಲಿ ಕರೆ ಮಾಡಿ.

ಕೊನೆಗೆ ರಜೆ. ಗರ್ಭಪಾತವಾದ ದಿನದ ಮರುದಿನದಿಂದ ಆರು ವಾರ ಸಂಬಳಸಹಿತ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಇಎಸ್‌ಐ ಕಾರ್ಡ್ ಇದ್ದವರಿಗೆ ಆ ಮೂಲಕವೂ ಆರು ವಾರದ ಸೌಲಭ್ಯವಿದೆ. ನೀವಿನ್ನೂ ನಾಲ್ಕನೇ ವಾರದಲ್ಲಿದ್ದೀರಿ. ಎಚ್‌ಆರ್‌ನವರು ಸಿಕ್ ಲೀವ್‌ನಲ್ಲಿ ಕಳೆಯುತ್ತೇವೆ ಎಂದರೆ ಒಪ್ಪುವ ಮೊದಲು ಇದನ್ನು ಕೇಳಿ. ಪುರಾವೆಯಾಗಿ ಅವರಿಗೆ ಬೇಕಾಗುವುದು ವೈದ್ಯರ ಪ್ರಮಾಣಪತ್ರ. ರಕ್ತಪರೀಕ್ಷೆಯ ವರದಿ ತೋರಿಸಲು ಹೋದ ದಿನವೇ, ತಾರೀಕು ಸರಿಯಾಗಿ ನಮೂದಿಸಿ, ಸೀಲು ಹಾಕಿಸಿಕೊಂಡು ಬನ್ನಿ. ಸಹೋದ್ಯೋಗಿಗಳು ಕೇಳಿದರೆ ‘ಆರಾಮ ಇರಲಿಲ್ಲ’ ಎಂದರೆ ಸಾಕು, ಕಾರಣ ಗೊತ್ತಿರಬೇಕಾದದ್ದು ಎಚ್‌ಆರ್‌ನವರಿಗೆ ಮಾತ್ರ.